ಗಂಟಿನೊಳಗೆ ಉಳಿದದ್ದೇನು?

ಮುಂಬೈ, ಪುಣೆಗಳಲ್ಲಿ ಅದಕ್ಕೆ ಸದಾಫುಲಿ ಎನ್ನುತ್ತಾರೆ. ಚೆನ್ನೈಯಲ್ಲಿ ನಿತ್ಯಕಲ್ಯಾಣಿ, ಹೈದರಾಬಾದಿನಲ್ಲಿ ಬಿಳ್ಳಗನ್ನೇರು, ದೆಹಲಿಯಲ್ಲಿ ಸದಾಬಹಾರ್. ಕನ್ನಡದಲ್ಲಿ ನಿತ್ಯಪುಷ್ಪ, ಕೆಲವು ಕಡೆ ಕಾಶಿಕಣಗಿಲೆ. ಐದೆಸಳಿನ ಗುಲಾಬಿ ಅಥವಾ ಬಿಳಿ ಹೂ. ಯಾರೂ ನೀರೆರೆಯದಿದ್ದರೂ ಕಾಂಪೌಂಡಿನ ಬಿರುಕಿನಲ್ಲಿ ಬೆಳೆದು ವರ್ಷವಿಡೀ ಹೂ ಬಿಡುತ್ತದೆ, ಬೇಸಿಗೆಯ ಬಿಸಿಲಿಗೂ ಜಗ್ಗುವುದಿಲ್ಲ. ಬಿಸಿಗೆ ಜಗ್ಗದ ಈ ಗುಣವೇ 1940ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿದ್ದ ಆರ್ಮಿನ್ ಬ್ರೌನ್ ಎಂಬ ವಿಜ್ಞಾನಿಗೆ ಬೇಕಾಗಿತ್ತು.

ರಾಕ್‌ಫೆಲರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಬ್ರೌನ್ ಮಾಡಿದ್ದು ಕೇಳಲು ಸರಳವಾದ ಕೆಲಸ. ನಿತ್ಯಪುಷ್ಪದ ಕಾಂಡಕ್ಕೆ ಸಣ್ಣ ಗಾಯ ಮಾಡಿ ಅಲ್ಲಿಗೆ ಒಂದು ಬ್ಯಾಕ್ಟೀರಿಯಾವನ್ನು ಹಚ್ಚಿದರು. ಹಾಗೇ ಬಿಟ್ಟರೆ ಕೆಲವೇ ವಾರಗಳಲ್ಲಿ ಆ ಜಾಗದಲ್ಲಿ ಒಂದು ಗಂಟು ಏಳುತ್ತದೆ. ಆದರೆ ಬ್ರೌನ್ ಹಾಗೆ ಬಿಡಲಿಲ್ಲ. ಗಿಡಗಳನ್ನು 46–47 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಟ್ಟರು. ಆ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿತ್ಯಪುಷ್ಪ ಬದುಕುತ್ತದೆ. ಬ್ಯಾಕ್ಟೀರಿಯಾ ಹಚ್ಚಿದ ಒಂದು ದಿನದೊಳಗೆ ಅದನ್ನು ಕೊಂದರೆ ಗಂಟು ಏಳಲಿಲ್ಲ. ನಾಲ್ಕು ದಿನ ಬಿಟ್ಟು ಕೊಂದರೆ ಏನೂ ಆಗದವರಂತೆ ಗಂಟು ಪೂರ್ತಿಯಾಗಿ ಬೆಳೆಯಿತು. ರೋಗ ತಂದ ಜೀವಿ ಸತ್ತುಹೋಗಿದೆ, ರೋಗ ಮಾತ್ರ ಬೆಳೆಯುತ್ತಲೇ ಇದೆ.

ಇನ್ನೂ ವಿಚಿತ್ರವಾದದ್ದು ಮುಂದಿನ ಮಾತು. ಬ್ರೌನ್ ಮತ್ತು ಅವರ ಸಹೋದ್ಯೋಗಿ ಫಿಲಿಪ್ ವೈಟ್, ಬ್ಯಾಕ್ಟೀರಿಯಾ ಒಂದೂ ಇಲ್ಲದ ಗಂಟಿನ ಚೂರುಗಳನ್ನು ಕತ್ತರಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಗಿಡದ ಸಾಮಾನ್ಯ ಜೀವಕೋಶಗಳನ್ನು ಹಾಗೆ ಬೆಳೆಸಬೇಕಾದರೆ ಬೆಳವಣಿಗೆಯ ಹಾರ್ಮೋನುಗಳನ್ನು ಹೊರಗಿನಿಂದ ಕೊಡಬೇಕು. ಈ ಗಂಟಿನ ಕೋಶಗಳಿಗೆ ಅದರ ಹಂಗಿರಲಿಲ್ಲ. ಬರಿಯ ಸಕ್ಕರೆ, ಉಪ್ಪು, ಒಂದಿಷ್ಟು ಜೀವಸತ್ವದ ಮೇಲೆ ತಲೆಮಾರಿನಿಂದ ತಲೆಮಾರಿಗೆ ಬೆಳೆದವು. ನಾಲ್ಕು ದಿನದ ಆ ಸಹವಾಸದಲ್ಲಿ ಬ್ಯಾಕ್ಟೀರಿಯಾ ಗಿಡಕ್ಕೆ ಏನನ್ನೋ ಕೊಟ್ಟಿತ್ತು. ಅದೇನೆಂದು ಗೊತ್ತಿಲ್ಲದ ಬ್ರೌನ್ 1947ರಲ್ಲಿ ಅದನ್ನು 'ಗಂಟು ಹುಟ್ಟಿಸುವ ತತ್ತ್ವ' ಎಂಬ ಅರ್ಥದ ಹೆಸರಿನಿಂದ ಕರೆದರು. ಗೊತ್ತಿಲ್ಲದ್ದಕ್ಕೆ ಘನವಾದ ಹೆಸರಿಡುವುದು ವಿಜ್ಞಾನದಲ್ಲೂ ಇದೆ. ಆದರೆ ಈ ಹೆಸರು ಉಪಯೋಗಕ್ಕೆ ಬಂತು, ಏಕೆಂದರೆ ಮುಂದಿನ ಮೂವತ್ತು ವರ್ಷ ಜನ ಹುಡುಕಿದ್ದು ಅದನ್ನೇ. (ಅದೇ ನಿತ್ಯಪುಷ್ಪದಿಂದ 1950ರ ದಶಕದ ಕೊನೆಯಲ್ಲಿ ಮನುಷ್ಯರ ಕ್ಯಾನ್ಸರಿಗೆ ಔಷಧಿ ಸಿಕ್ಕಿತು. ಬ್ರೌನ್ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ, ಗಿಡವೊಂದೇ ಸಮಾನ.)

ಈ ಗಂಟುರೋಗ ತೋಟಗಾರರಿಗೆ ಹಳೆಯ ಪರಿಚಯ. ದ್ರಾಕ್ಷಿ, ಪೀಚ್, ಬಾದಾಮಿ, ಸೇಬು, ಗುಲಾಬಿ ಗಿಡಗಳಲ್ಲಿ ಕಾಂಡವೂ ಬೇರೂ ಕೂಡುವ ಜಾಗದಲ್ಲಿ ಒರಟು ಮರದ ಉಂಡೆಯಂತೆ ಏಳುತ್ತದೆ. ಇಂಗ್ಲಿಷಿನಲ್ಲಿ ಕ್ರೌನ್ ಗಾಲ್. 1897ರಲ್ಲಿ ಇಟಲಿಯ ಫ್ರಿಡಿಯಾನೊ ಕವಾರಾ ದ್ರಾಕ್ಷಿಬಳ್ಳಿಯ ಗಂಟಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಹತ್ತು ವರ್ಷದ ನಂತರ, 1907ರಲ್ಲಿ, ಅಮೆರಿಕದ ಕೃಷಿ ಇಲಾಖೆಯ ಅರ್ವಿನ್ ಸ್ಮಿತ್ ಮತ್ತು ಟೌನ್‌ಸೆಂಡ್ ಡೈಸಿ ಗಿಡದ ಗಂಟಿನಿಂದ ಇಂಥದೇ ಬ್ಯಾಕ್ಟೀರಿಯಾ ತೆಗೆದು, ಅದನ್ನು ಆರೋಗ್ಯವಂತ ಗಿಡಕ್ಕೆ ಹಚ್ಚಿದರೆ ಗಂಟು ಏಳುತ್ತದೆಂದು ತೋರಿಸಿದರು. ಇಂದು ಅದರ ರೂಢಿಯ ಹೆಸರು ಆಗ್ರೊಬ್ಯಾಕ್ಟೀರಿಯಂ ಟ್ಯುಮೆಫೇಸಿಯನ್ಸ್. ಇದನ್ನು ಅರಿತರೆ ಮನುಷ್ಯನ ಕ್ಯಾನ್ಸರಿನ ಬಾಗಿಲೂ ತೆರೆಯುತ್ತದೆಂದು ಸ್ಮಿತ್ ಕೊನೆಯವರೆಗೆ ನಂಬಿದ್ದರು. ಆ ಬಾಗಿಲು ತೆರೆಯಲಿಲ್ಲ. ತೆರೆದದ್ದು ಅವರು ಎಣಿಸಿಯೇ ಇರದ ಇನ್ನೊಂದು ಬಾಗಿಲು.

1960ರ ದಶಕದಲ್ಲಿ ಫ್ರಾನ್ಸಿನ ವರ್ಸೈಯಲ್ಲಿದ್ದ ಜಾರ್ಜ್ ಮೊರೆಲ್ ಅವರ ತಂಡ ಗಂಟಿನೊಳಗೆ ಸಾಮಾನ್ಯ ಗಿಡದಲ್ಲಿರದ ರಾಸಾಯನಿಕಗಳನ್ನು ಗುರುತಿಸಿತು. ಅವಕ್ಕೆ ಒಟ್ಟಾಗಿ ಓಪೈನ್ ಎಂದು ಹೆಸರು. ಅವುಗಳಲ್ಲಿ ಒಂದು ಆಕ್ಟೊಪೈನ್. ಅದನ್ನು ಮೊದಲು ಕಂಡದ್ದು ಆಕ್ಟೋಪಸ್ಸಿನ ಮಾಂಸದಲ್ಲಿ. ಇನ್ನೊಂದು ನೋಪಲೈನ್. ಇಲ್ಲಿ ಗಮನಿಸಬೇಕಾದದ್ದು ಒಂದೇ: ಗಂಟಿನಲ್ಲಿ ಯಾವ ಓಪೈನ್ ಇರುತ್ತದೆ ಎಂಬುದನ್ನು ಗಿಡ ನಿರ್ಧರಿಸುವುದಿಲ್ಲ, ಗಂಟು ತಂದ ಬ್ಯಾಕ್ಟೀರಿಯಾದ ತಳಿ ನಿರ್ಧರಿಸುತ್ತದೆ. ಬ್ಯಾಕ್ಟೀರಿಯಾ ಸತ್ತ ಮೇಲೂ ಗಿಡ ಅದು ಹೇಳಿದ ಅಡುಗೆಯನ್ನೇ ಮಾಡುತ್ತಿತ್ತು. ಹಾಗಾದರೆ ಗಿಡಕ್ಕೆ ದಾಟಿದ್ದು ಅಡುಗೆಯ ಪಾಠವೇ, ಎಂದರೆ ಜೀನ್ ಎಂದು ಮೊರೆಲ್ ತಂಡ ಊಹಿಸಿತು.

ಒಪ್ಪಲು ಕಷ್ಟವಾದ ಊಹೆ. ಬ್ಯಾಕ್ಟೀರಿಯಾ ಒಂದು ಜೀವಜಾತಿ ಮಾತ್ರವಲ್ಲ, ಜೀವಲೋಕದ ಬೇರೆಯದೇ ಸಾಮ್ರಾಜ್ಯ. ಅದರ ಕೋಶಕ್ಕೆ ನ್ಯೂಕ್ಲಿಯಸ್ ಇಲ್ಲ, ಗಿಡದ್ದಕ್ಕೆ ಇದೆ. ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲಿ ಜೀನ್ ಕೊಟ್ಟು ತೆಗೆದುಕೊಳ್ಳುವುದು ಗೊತ್ತಿತ್ತು. ಆದರೆ ಒಂದು ಬ್ಯಾಕ್ಟೀರಿಯಾ ಹೊಗೆಸೊಪ್ಪಿನ ಗಿಡಕ್ಕೆ ತನ್ನ ಜೀನ್ ಹಾಕಿ ಕೆಲಸ ಮಾಡಿಸಿಕೊಳ್ಳುವುದೆಂದರೆ?

ಹಾಗೆ ಆಗುತ್ತದೆ ಎನ್ನುವ ಪುರಾವೆ ಬರಲು ತಡವಾಗಲಿಲ್ಲ. 1967ರಲ್ಲಿ ಹಾಲೆಂಡಿನ ಲೈಡನ್ನಿನ ರಾಬ್ ಸ್ಕಿಲ್ಪರೂರ್ಟ್ ಮತ್ತು ಸಂಗಡಿಗರು ಗಂಟಿನ ಕೋಶದೊಳಗೆ ಬ್ಯಾಕ್ಟೀರಿಯಾದ ಡಿಎನ್‌ಎ ಇದೆಯೆಂದು ಪ್ರಕಟಿಸಿದರು. ಇನ್ನೂ ಕೆಲವರು ಅದೇ ಮಾತು ಹೇಳಿದರು. ಈ ಲೇಖನಗಳನ್ನು ಓದಿ ಒಪ್ಪದೆ ಹೋದವರಲ್ಲಿ ಒಬ್ಬರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಮೇರಿ-ಡೆಲ್ ಚಿಲ್ಟನ್.

ಚಿಲ್ಟನ್ ಸಸ್ಯವಿಜ್ಞಾನಿಯಾಗಿರಲಿಲ್ಲ. 1939ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, 1967ರಲ್ಲಿ ಡಾಕ್ಟರೇಟ್ ಪಡೆದವರು. ಗಿಡದ ಬಗ್ಗೆ ಆಕೆಗೆ ಹೆಚ್ಚು ತಿಳಿದಿರಲಿಲ್ಲ. ತಿಳಿದಿದ್ದದ್ದು ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸಿ ಮತ್ತೆ ಜೋಡಿಸುವ ವಿದ್ಯೆ. ಈ ಕಥೆಗೆ ಬೇಕಾಗಿದ್ದದ್ದು ಅದೇ.

ಆ ವಿದ್ಯೆಯನ್ನು ಸ್ವಲ್ಪ ನೋಡಬೇಕು. ಡಿಎನ್‌ಎ ಎಂದರೆ ಒಂದಕ್ಕೊಂದು ಒಪ್ಪುವ ಎರಡು ಎಳೆಗಳ ಜೋಡಿ. ಕಾಯಿಸಿದರೆ ಎಳೆಗಳು ಬಿಟ್ಟುಕೊಳ್ಳುತ್ತವೆ. ತಣಿಸಿ ಹದವಾದ ಬಿಸಿಯಲ್ಲಿಟ್ಟರೆ ತಮ್ಮ ಜೊತೆಗಾರರನ್ನು ಹುಡುಕಿ ಮತ್ತೆ ಕೂಡುತ್ತವೆ. ಎಷ್ಟು ಬೇಗ ಕೂಡುತ್ತವೆ ಎಂಬುದು ದ್ರಾವಣದಲ್ಲಿ ಜೊತೆಗಾರರು ಎಷ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಒಬ್ಬನನ್ನು ಹುಡುಕುವುದಕ್ಕೂ ಅವನಂಥ ನೂರು ಜನರಲ್ಲಿ ಯಾರಾದರೊಬ್ಬ ಸಿಕ್ಕರೆ ಸಾಕು ಎನ್ನುವುದಕ್ಕೂ ಇರುವ ವ್ಯತ್ಯಾಸ ಅದು. ಈಗ ಬ್ಯಾಕ್ಟೀರಿಯಾದ ಡಿಎನ್‌ಎಗೆ ವಿಕಿರಣಶೀಲ ಗುರುತು ಹಾಕಿ, ಅತಿ ಸ್ವಲ್ಪ ತೆಗೆದುಕೊಂಡು, ಗಂಟಿನ ಡಿಎನ್‌ಎಯನ್ನು ಧಾರಾಳವಾಗಿ ಬೆರೆಸಿ. ಗಂಟಿನೊಳಗೆ ಬ್ಯಾಕ್ಟೀರಿಯಾದ ಪ್ರತಿಗಳು ಇದ್ದರೆ ಗುರುತಿನ ಎಳೆಗಳು ಬೇಗ ಜೋಡಿಯಾಗುತ್ತವೆ. ಇಲ್ಲದಿದ್ದರೆ ತಮ್ಮ ಪಾಡಿಗೆ ನಿಧಾನವಾಗಿ.

ಮೋಸ ಎಲ್ಲಾಗಬಹುದು? ಅರೆಬರೆ ಹೋಲುವ ಎಳೆಗಳೂ ಸಡಿಲವಾಗಿ ಅಂಟಿಕೊಳ್ಳಬಹುದು. ಗಂಟಿನ ಮಾದರಿಯೊಳಗೆ ಒಂದಿಷ್ಟು ಬ್ಯಾಕ್ಟೀರಿಯಾ ಕೊಳೆಯಾಗಿ ಸೇರಿರಬಹುದು. ಆದ್ದರಿಂದ ಚಿಲ್ಟನ್ ಹಿಡಿದ ಪಟ್ಟು ಇದು: ಮೊದಲು ಆರೋಗ್ಯವಂತ ಗಿಡದ ಡಿಎನ್‌ಎಗೆ ಲೆಕ್ಕ ಹಾಕಿದ ಪ್ರಮಾಣದ ಬ್ಯಾಕ್ಟೀರಿಯಾ ಡಿಎನ್‌ಎಯನ್ನು ಬೇಕೆಂದೇ ಬೆರೆಸಿ ನೋಡಬೇಕು. ನಾವೇ ಹಾಕಿದ್ದು ನಮ್ಮ ಉಪಕರಣಕ್ಕೆ ಕಾಣುತ್ತದೆಯೆ, ಎಷ್ಟು ಕಡಿಮೆಯಾದರೆ ಕಾಣದಾಗುತ್ತದೆ ಎಂದು ಗೊತ್ತಾದ ಮೇಲೆಯೇ ಗಂಟಿನ ಡಿಎನ್‌ಎಗೆ ಕೈಹಾಕಬೇಕು. ಕೇಳಿದರೆ ಯಾರಿಗಾದರೂ ಹೊಳೆಯಬಹುದಾದ ಮಾತು. ಹಿಂದಿನ ಪ್ರಯೋಗಗಳು ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಸಿಯಾಟಲ್‌ನಲ್ಲಿ ಮೂವರು ಜೊತೆಯಾದರು: ಬ್ಯಾಕ್ಟೀರಿಯಾ ಬಲ್ಲ ಯೂಜಿನ್ ನೆಸ್ಟರ್, ಸಸ್ಯಗಳ ವೈರಸ್ ಬಲ್ಲ ಜೀವರಸಾಯನಜ್ಞ ಮಿಲ್ಟನ್ ಗಾರ್ಡನ್, ಡಿಎನ್‌ಎ ಜೋಡಿಸಬಲ್ಲ ಚಿಲ್ಟನ್. 1974ರಲ್ಲಿ ಅವರ ತಂಡ ಪ್ರಕಟಿಸಿದ ಲೇಖನದ ತೀರ್ಮಾನ ನೇರವಾಗಿತ್ತು. ಗಂಟಿನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎಯೂ ಕಾಣಲಿಲ್ಲ, ಆ ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್ಸಿನ ಡಿಎನ್‌ಎಯೂ ಕಾಣಲಿಲ್ಲ. ಅಲ್ಲಿಗೆ ಹಳೆಯ ಪುರಾವೆ ಬಿದ್ದುಹೋಯಿತು.

ಆದರೆ ಬೇರೆ ಕಡೆಯಿಂದ ಸುಳಿವುಗಳು ಬರುತ್ತಿದ್ದವು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅಲನ್ ಕೆರ್ ರೋಗ ತರುವ ತಳಿಯನ್ನೂ ತರದ ತಳಿಯನ್ನೂ ಒಂದೇ ಗಿಡದಲ್ಲಿ ಕೂಡಿಸಿದಾಗ ಸಾಧು ತಳಿಯೂ ರೋಗ ತರುವುದನ್ನು ಕಲಿತಿತು. 1971ರಲ್ಲಿ ಇನ್ನೊಂದು ತಂಡ, ಒಂದು ತಳಿಯನ್ನು 36 ಡಿಗ್ರಿ ಆಸುಪಾಸಿನಲ್ಲಿ ಬೆಳೆಸಿದರೆ ಅದು ರೋಗ ತರುವ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆಂದು ಕಂಡಿತು. ಒಬ್ಬರಿಂದ ಒಬ್ಬರಿಗೆ ದಾಟುವ, ಕಳೆದುಹೋದರೆ ಮರಳಿ ಬಾರದ ಶಕ್ತಿ. ಅದು ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲಿ ಇರುವಂತೆ ತೋರಲಿಲ್ಲ. ಎಲ್ಲೋ ಬಿಡಿಯಾಗಿ ಜೇಬಿನಲ್ಲಿಟ್ಟುಕೊಂಡ ಚೀಟಿಯಂತಿತ್ತು.

ಆ ಚೀಟಿಯನ್ನು ಕಂಡವರು ಬೆಲ್ಜಿಯಂನ ಘೆಂಟ್ ನಗರದ ಯೋಸೆಫ್ ಶೆಲ್, ಮಾರ್ಕ್ ಫಾನ್ ಮೊಂಟಾಗು ಅವರ ತಂಡ. ರೋಗ ತರುವ ತಳಿಗಳಲ್ಲೆಲ್ಲ ಉಂಗುರದಾಕಾರದ ದೊಡ್ಡದೊಂದು ಬಿಡಿ ಡಿಎನ್‌ಎ ಇತ್ತು; ಸಾಧು ತಳಿಗಳಲ್ಲಿ ಇರಲಿಲ್ಲ. ಇಂಥ ಉಂಗುರಗಳಿಗೆ ಪ್ಲಾಸ್ಮಿಡ್ ಎನ್ನುತ್ತಾರೆ. 1974ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬಿಸಿಗೆ ಶಕ್ತಿ ಕಳೆದುಕೊಂಡ ತಳಿ ಕಳೆದುಕೊಂಡದ್ದೂ ಈ ಉಂಗುರವನ್ನೇ. ಸಿಯಾಟಲ್ ತಂಡವೂ ಬೇಗನೆ ಇದನ್ನು ದೃಢಪಡಿಸಿತು. ಅದಕ್ಕೆ ಟಿಐ ಪ್ಲಾಸ್ಮಿಡ್ ಎಂದು ಹೆಸರಾಯಿತು.

ಚಿಲ್ಟನ್ ಮತ್ತೆ ಹುಡುಕಲು ಕೂತರು. ಈ ಸಲ ಇಡೀ ಬ್ಯಾಕ್ಟೀರಿಯಾದ ಡಿಎನ್‌ಎ ಬೇಡ, ಪ್ಲಾಸ್ಮಿಡ್ ಒಂದನ್ನೇ ಗುರುತು ಹಾಕಿ ಗಂಟಿನಲ್ಲಿ ಹುಡುಕಿದರೆ ಸಾಕು. ಹುಡುಕಿದರು. ಪೂರ್ತಿ ಪ್ಲಾಸ್ಮಿಡ್ ಗಂಟಿನಲ್ಲಿ ಇರಲಿಲ್ಲ.

ಸಂದೇಹಿಯೊಬ್ಬರು ಇಲ್ಲಿಗೆ ನಿಲ್ಲಿಸಿ ಗೆದ್ದೆನೆನ್ನಬಹುದಿತ್ತು. ಆದರೆ ಲೆಕ್ಕದಲ್ಲಿ ಒಂದು ಕಂಡಿ ಉಳಿದಿತ್ತು. ಪ್ಲಾಸ್ಮಿಡ್ಡಿನ ಉದ್ದ ಸುಮಾರು ಎರಡು ಲಕ್ಷ ಅಕ್ಷರ. ಗಿಡಕ್ಕೆ ದಾಟಿದ್ದು ಅದರ ಇಪ್ಪತ್ತನೆಯ ಒಂದು ಪಾಲು ಮಾತ್ರ ಎಂದಿಟ್ಟುಕೊಳ್ಳಿ. ಆಗ ಗುರುತು ಹಾಕಿದ ನೂರು ಪಾಲಿನಲ್ಲಿ ತೊಂಬತ್ತೈದಕ್ಕೆ ಗಂಟಿನೊಳಗೆ ಜೊತೆಗಾರರೇ ಇಲ್ಲ. ಉಳಿದ ಐದು ಪಾಲು ಅವಸರದಲ್ಲಿ ಜೋಡಿಯಾದರೂ ಒಟ್ಟು ವೇಗದಲ್ಲಿ ಅದು ಕಾಣಿಸುವುದೇ ಇಲ್ಲ. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ಕಾಣುವಷ್ಟು ಸೂಕ್ಷ್ಮವಾಗಿ ನೋಡಿಲ್ಲ ಎಂದೂ ಆಗಬಹುದು. ಬೇರೆಯವರ ಮೇಲೆ ಹೂಡಿದ ಪರೀಕ್ಷೆಯನ್ನು ಚಿಲ್ಟನ್ ತಂಡ ಈಗ ತನ್ನ ಮೇಲೆಯೇ ಹೂಡಿಕೊಂಡಿತು.

ಉಪಾಯವೆಂದರೆ ಉಂಗುರವನ್ನು ಕತ್ತರಿಸುವುದು. ಡಿಎನ್‌ಎಯನ್ನು ಗೊತ್ತಾದ ಅಕ್ಷರಕ್ರಮ ಬಂದಲ್ಲಿ ಮಾತ್ರ ತುಂಡರಿಸುವ ಕಿಣ್ವಗಳು ಆಗ ತಾನೇ ಬಳಕೆಗೆ ಬರುತ್ತಿದ್ದವು. ಅಂಥದೊಂದರಿಂದ ಪ್ಲಾಸ್ಮಿಡ್ಡನ್ನು ತುಂಡುಮಾಡಿ, ಜೆಲ್ಲಿಯಂಥ ಹಾಸಿನಲ್ಲಿ ವಿದ್ಯುತ್ ಹರಿಸಿ, ಉದ್ದಕ್ಕೆ ತಕ್ಕಂತೆ ತುಂಡುಗಳನ್ನು ಪಟ್ಟಿಪಟ್ಟಿಯಾಗಿ ಬೇರ್ಪಡಿಸಿದರು. ಒಂದೊಂದು ಪಟ್ಟಿಯನ್ನೂ ಕೊಯ್ದು ತೆಗೆದು, ಒಂದೊಂದಕ್ಕೂ ಬೇರೆಬೇರೆಯಾಗಿ ವಿಕಿರಣಶೀಲ ಗುರುತು ಹಾಕಿ, ಒಂದೊಂದನ್ನೂ ಗಂಟಿನ ಡಿಎನ್‌ಎಯೊಡನೆ, ಆರೋಗ್ಯವಂತ ಹೊಗೆಸೊಪ್ಪಿನ ಡಿಎನ್‌ಎಯೊಡನೆ ಬೆರೆಸಿ ವೇಗ ಅಳೆಯಬೇಕು. ಹೊಗೆಸೊಪ್ಪಿನ ಒಟ್ಟು ಡಿಎನ್‌ಎಯಲ್ಲಿ ನಾನೂರು ಕೋಟಿಗೂ ಹೆಚ್ಚು ಅಕ್ಷರಗಳಿವೆ. ಅದರಲ್ಲಿ ಕೆಲವು ಸಾವಿರ ಅಕ್ಷರಗಳ ಒಂದು ತುಂಡನ್ನು ಹುಡುಕಲು ಗಂಟಿನ ಡಿಎನ್‌ಎ ರಾಶಿಯೇ ಬೇಕು. ಚಾಣಾಕ್ಷತೆಗಿಂತ ಮೈಮುರಿಯುವ ಕೆಲಸವೇ ಹೆಚ್ಚು.

ಪಟ್ಟಿಗಳು ಒಂದೊಂದಾಗಿ ಇಲ್ಲವೆಂದವು. ಮೂರನೆಯ ಪಟ್ಟಿಯ ಎಳೆಗಳು ಮಾತ್ರ ಗಂಟಿನ ಡಿಎನ್‌ಎ ಜೊತೆಯಲ್ಲಿ ಬೇಗ ಜೋಡಿಯಾದವು. ಆರೋಗ್ಯವಂತ ಗಿಡದ ಡಿಎನ್‌ಎ ಜೊತೆಯಲ್ಲಿ ಆಗಲಿಲ್ಲ. 1977ರಲ್ಲಿ ಏಳು ಜನರ ಹೆಸರಿನಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂದ ಆ ಲೇಖನದ ಮೊದಲ ಹೆಸರು ಚಿಲ್ಟನ್ ಅವರದು. ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ಡಿನ ಒಂದು ಸಣ್ಣ ಪಾಲು ಗಿಡದ ಕೋಶದೊಳಗೆ ಸೇರಿಕೊಂಡು ಅಲ್ಲೇ ನೆಲೆಯಾಗುತ್ತದೆ ಎನ್ನುವುದು ಅದರ ಸಾರ. ಬ್ರೌನ್ ಹೆಸರಿಟ್ಟ ತತ್ತ್ವ ಮೂವತ್ತು ವರ್ಷಕ್ಕೆ ಸಿಕ್ಕಿತು. 1967ರ ಸ್ಕಿಲ್ಪರೂರ್ಟ್ ಅವರ ತೀರ್ಮಾನವೂ ನಿಜವಾಯಿತು. ನಿಜ ಮಾಡಿದವರು ಅವರ ಪುರಾವೆಯನ್ನು ಬೀಳಿಸಿದವರೇ. ಉತ್ತರ ಅದೇ ಆಗಿದ್ದಮೇಲೆ ನಡುವಿನ ಹತ್ತು ವರ್ಷ ದಂಡವಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಯಾವ ತುಂಡು, ಎಷ್ಟು ಉದ್ದ, ಎಲ್ಲಿಂದ ಎಲ್ಲಿಗೆ ಎಂಬುದು ಹಳೆಯ ಉತ್ತರದಲ್ಲಿ ಇರಲಿಲ್ಲ. ಅದು ಗೊತ್ತಾಗದೆ ಮುಂದಿನದು ಯಾವುದೂ ಆಗುವಂತಿರಲಿಲ್ಲ.

ಮುಂದಿನ ಕೆಲವು ವರ್ಷಗಳಲ್ಲಿ ವಿವರಗಳು ಬೇಗಬೇಗನೆ ತುಂಬಿಕೊಂಡವು. ದಾಟುವ ತುಂಡಿಗೆ ಟಿ-ಡಿಎನ್‌ಎ ಎಂದು ಹೆಸರಾಯಿತು. ಅದು ಗಿಡದ ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲೇ ಹೆಣೆದುಕೊಳ್ಳುತ್ತದೆಂದು 1980ರಲ್ಲಿ ಘೆಂಟ್ ತಂಡವೂ ಚಿಲ್ಟನ್ ತಂಡವೂ ತೋರಿಸಿದವು. ಅದರಲ್ಲಿರುವ ಕೆಲವು ಜೀನುಗಳು ಗಿಡದ ಬೆಳವಣಿಗೆಯ ಹಾರ್ಮೋನುಗಳನ್ನು ತಯಾರಿಸುತ್ತವೆ; ಆದ್ದರಿಂದಲೇ ಗಂಟು, ಆದ್ದರಿಂದಲೇ ಹೊರಗಿನ ಹಾರ್ಮೋನಿನ ಹಂಗಿಲ್ಲ. ಇನ್ನೊಂದು ಜೀನು ಓಪೈನ್ ತಯಾರಿಸುತ್ತದೆ. ಓಪೈನ್ ಗಿಡಕ್ಕೆ ಉಪಯೋಗವಿಲ್ಲದ ವಸ್ತು. ಅದನ್ನು ತಿಂದು ಬದುಕಬಲ್ಲದ್ದು ಮುಖ್ಯವಾಗಿ ಈ ಬ್ಯಾಕ್ಟೀರಿಯಾ, ತಿನ್ನಲು ಬೇಕಾದ ಜೀನುಗಳೂ ಅದೇ ಪ್ಲಾಸ್ಮಿಡ್ಡಿನಲ್ಲಿವೆ. ಬ್ಯಾಕ್ಟೀರಿಯಾ ಗಿಡದೊಳಗೆ ತನ್ನ ಅಡುಗೆಮನೆ ಕಟ್ಟಿಸಿ, ತನಗೆ ಮಾತ್ರ ರುಚಿಸುವ ಅಡುಗೆ ಮಾಡಿಸಿಕೊಂಡು, ಹೊರಗೆ ಕೂತು ಉಣ್ಣುತ್ತದೆ. ಶೆಲ್ ಇದನ್ನು ಜೀನುಗಳ ಮೂಲಕ ನಡೆಸುವ ವಸಾಹತು ಎಂದು ಕರೆದರು. ಗಾಯವಾದ ಗಿಡ ಸೂಸುವ ಒಂದು ರಾಸಾಯನಿಕವೇ ಬ್ಯಾಕ್ಟೀರಿಯಾಕ್ಕೆ ಕರೆಗಂಟೆ ಎಂಬುದು 1985ರಲ್ಲಿ ಘೆಂಟ್‌ನಲ್ಲಿ ಗೊತ್ತಾಯಿತು. ಬ್ರೌನ್ ನಿತ್ಯಪುಷ್ಪಕ್ಕೆ ಮೊದಲು ಗಾಯ ಮಾಡಲೇಬೇಕಾಗಿದ್ದದ್ದು ಇದಕ್ಕೇ.

ಟಿ-ಡಿಎನ್‌ಎಯ ಎರಡೂ ತುದಿಗಳಲ್ಲಿ ಇಪ್ಪತ್ತೈದು ಅಕ್ಷರಗಳ ಗಡಿಕಲ್ಲುಗಳಿವೆ. ಬ್ಯಾಕ್ಟೀರಿಯಾದ ಸಾಗಾಣಿಕೆ ಯಂತ್ರ ನೋಡುವುದು ಆ ಗಡಿಗಳನ್ನು ಮಾತ್ರ. ನಡುವೆ ಏನಿದೆ ಎಂಬುದು ಅದಕ್ಕೆ ಬೇಕಿಲ್ಲ. ಗಂಟಿನ ಜೀನುಗಳನ್ನು ತೆಗೆದುಹಾಕಿ ಆ ಜಾಗದಲ್ಲಿ ಮನುಷ್ಯ ತನಗೆ ಬೇಕಾದ ಜೀನ್ ಇಟ್ಟರೂ ಅದು ನಿಷ್ಠೆಯಿಂದ ಒಯ್ದು ಗಿಡಕ್ಕೆ ಮುಟ್ಟಿಸುತ್ತದೆ. ಇದು ಹೊಳೆದ ಮೇಲೆ ಓಟ ಶುರುವಾಯಿತು. 1983ರ ಜನವರಿಯಲ್ಲಿ ಮಯಾಮಿಯಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಮೂರು ತಂಡಗಳು ಒಂದರ ಬೆನ್ನಿಗೊಂದು ಗಿಡದ ಕೋಶಕ್ಕೆ ಹೊರಗಿನ ಜೀನ್ ಸೇರಿಸಿದ್ದನ್ನು ವರದಿ ಮಾಡಿದವು: ಯುರೋಪಿನ ಶೆಲ್ ತಂಡ, ಮಾನ್ಸಾಂಟೊ ಕಂಪನಿಯ ತಂಡ, ಆ ಹೊತ್ತಿಗೆ ಸೇಂಟ್ ಲೂಯಿಯ ವಾಷಿಂಗ್ಟನ್ ಯೂನಿವರ್ಸಿಟಿಗೆ ಹೋಗಿದ್ದ ಚಿಲ್ಟನ್ ತಂಡ. (ಸಿಯಾಟಲ್‌ನ ವಿಶ್ವವಿದ್ಯಾಲಯ ಬೇರೆ, ಇದು ಬೇರೆ, ಹೆಸರಿನ ಈ ಗೊಂದಲ ಅಮೆರಿಕದವರನ್ನೂ ಕಾಡುತ್ತದೆ.) ಅದೇ ವರ್ಷ ಚಿಲ್ಟನ್ ಮತ್ತು ಜೊತೆಗಾರರು ಗಂಟಿನ ಕೇಡು ತೆಗೆದ ಟಿ-ಡಿಎನ್‌ಎಯೊಳಗೆ ಯೀಸ್ಟಿನ ಒಂದು ಜೀನ್ ಇಟ್ಟು, ಅದರಿಂದ ಪೂರ್ತಿ ಹೊಗೆಸೊಪ್ಪಿನ ಗಿಡಗಳನ್ನು ಬೆಳೆಸಿ, ಬೀಜದ ಮೂಲಕ ಅದು ಮುಂದಿನ ಪೀಳಿಗೆಗೆ ಹೋಗುವುದನ್ನೂ ತೋರಿಸಿದರು. ಆ ಲೇಖನದಲ್ಲಿ ಬ್ರೌನ್ ಜೊತೆ ಕೆಲಸ ಮಾಡಿದ್ದ ಆಂಡ್ರ್ಯೂ ಬಿನ್ಸ್ ಅವರ ಹೆಸರೂ ಇದೆ. ಹಾಗೆಯೇ, ಪ್ಲಾಸ್ಮಿಡ್ಡನ್ನು ಎರಡು ಭಾಗ ಮಾಡಿ ಈ ಕೆಲಸವನ್ನು ಯಾವ ಪ್ರಯೋಗಾಲಯಕ್ಕೂ ಸುಲಭವಾಗಿಸಿದ ವಿಧಾನ 1983ರಲ್ಲೇ ಬಂತು. ಅದನ್ನು ತಂದವರು ಲೈಡನ್ನಿನ ಸ್ಕಿಲ್ಪರೂರ್ಟ್ ತಂಡ. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಸುವುದು ಹೆಚ್ಚಾಗಿ ಆ ದಾರಿಯನ್ನೇ.

ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ, ರೋಗವೊಂದರ ಕಾರಣ ತಿಳಿಯಲೆಂದು ಆರಂಭವಾದ ಹುಡುಕಾಟ ಇಲ್ಲಿಂದ ಕೈ ಬದಲಾಯಿಸಿತು. ಚಿಲ್ಟನ್ 1983ರಲ್ಲೇ ಸೀಬಾ-ಗೈಗಿ ಕಂಪನಿ ಸೇರಿ ಉತ್ತರ ಕ್ಯಾರೊಲಿನಾಗೆ ಹೋದರು. ಕಂಪನಿಗಳು ಕೂಡಿ ಒಡೆದು ಅದು ಮುಂದೆ ಸಿಂಜೆಂಟಾ ಆಯಿತು. ವಿಧಾನ ಯಾರದು ಎಂಬ ಪೇಟೆಂಟ್ ವ್ಯಾಜ್ಯ ಅಮೆರಿಕದಲ್ಲಿ ವರ್ಷಗಟ್ಟಲೆ ಎಳೆಯಿತು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸೊಸೈಟಿ, ಬಾಯರ್ ಮತ್ತು ಮಾನ್ಸಾಂಟೊ ನಡುವೆ ರಾಜಿಯಾದದ್ದು 2005ರಲ್ಲಿ. 2013ರ ವಿಶ್ವ ಆಹಾರ ಪ್ರಶಸ್ತಿ ಚಿಲ್ಟನ್, ಫಾನ್ ಮೊಂಟಾಗು, ಮಾನ್ಸಾಂಟೊದ ರಾಬರ್ಟ್ ಫ್ರೇಲಿ ಮೂವರಿಗೆ ಹಂಚಿಕೆಯಾಯಿತು. ಬೀಜ ಕಂಪನಿಗಳ ವಿಜ್ಞಾನಿಗಳಿಗೆ ಆಹಾರದ ಪ್ರಶಸ್ತಿ ಕೊಟ್ಟದ್ದನ್ನು ಟೀಕಿಸಿದವರೂ ಬಹಳ. ಶೆಲ್ 2003ರಲ್ಲೇ ತೀರಿಕೊಂಡಿದ್ದರು.

ಕರ್ನಾಟಕಕ್ಕೆ ಈ ಕಥೆ ಬಂದದ್ದು ಹತ್ತಿಯ ಜೊತೆಯಲ್ಲಿ. ಮಣ್ಣಿನಲ್ಲಿ ಸಿಗುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಕಾಯಿಕೊರಕ ಹುಳುವನ್ನು ಕೊಲ್ಲುವ ಪ್ರೋಟೀನಿನ ಜೀನ್ ಇದೆ. ಅದನ್ನು ಹತ್ತಿಗೆ ಹೊತ್ತು ತಂದದ್ದು ಆಗ್ರೊಬ್ಯಾಕ್ಟೀರಿಯಂ. ಅದೇ ಬಿಟಿ ಹತ್ತಿ. ಅದರ ಪರೀಕ್ಷಾ ತಾಕುಗಳನ್ನು 1998ರ ನವೆಂಬರಿನಲ್ಲಿ ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ರೈತ ಸಂಘ ಕಿತ್ತು ಸುಟ್ಟಿತು. ಬೀಜವನ್ನು ಬಂಜೆ ಮಾಡುವ ಟರ್ಮಿನೇಟರ್ ಜೀನ್ ಅದರಲ್ಲಿದೆಯೆಂಬ ಮಾತು ಆಗ ಹಬ್ಬಿತ್ತು. ಆ ಹತ್ತಿಯಲ್ಲಿ ಅದು ಇರಲಿಲ್ಲ. ಟರ್ಮಿನೇಟರ್ ಯಾವತ್ತೂ ಮಾರುಕಟ್ಟೆಗೆ ಬರಲೂ ಇಲ್ಲ. ಆದರೆ ಬೀಜ ಯಾರ ಕೈಯಲ್ಲಿರಬೇಕು ಎಂದು ರೈತರು ಕೇಳಿದ ಪ್ರಶ್ನೆ ಆ ಗಾಳಿಮಾತಿನ ಮೇಲೆ ನಿಂತಿರಲಿಲ್ಲ. 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅದೇ ಆಯಿತು.

ಬದನೆ ಮಾತ್ರ ಬೇರೆ ದಾರಿ ಹಿಡಿಯಿತು. ಅದೇ ಬಗೆಯ ಜೀನನ್ನು ಊರ ತಳಿಗಳಿಗೆ ಸೇರಿಸಲು ಮಹಿಕೋ ಕಂಪನಿಯೊಂದಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೈಜೋಡಿಸಿತ್ತು. ಆರಿಸಿದ ತಳಿಗಳಲ್ಲಿ ಮಲಾಪುರ, ಕುಡಚಿ, ರಬಕವಿಯ ಬದನೆಗಳ ಜೊತೆಗೆ ಉಡುಪಿಯ ಗುಳ್ಳವೂ ಇತ್ತು. ವಾದಿರಾಜರು ಬೀಜ ಕೊಟ್ಟರೆಂದು ಮಟ್ಟು ಊರಿನವರು ನಂಬಿ ಬೆಳೆಯುತ್ತ ಬಂದ ಗುಳ್ಳ ಅದು. ದೇಶದ ಹಲವೆಡೆ, ಕೊನೆಯಲ್ಲಿ ಬೆಂಗಳೂರಿನಲ್ಲೂ, ನಡೆದ ಸಾರ್ವಜನಿಕ ಸಭೆಗಳ ಕಾವಿನ ಬಳಿಕ 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು.

ಆ ಸಭೆಗಳಲ್ಲಿ ಬಹಳ ಸಲ ಕೇಳಿಬಂದ ಒಂದು ಮಾತು, ಬ್ಯಾಕ್ಟೀರಿಯಾದ ಜೀನ್ ತರಕಾರಿಯಲ್ಲಿ ಇರುವುದು ಪ್ರಕೃತಿಗೆ ವಿರುದ್ಧ ಎಂಬುದು. 2015ರಲ್ಲಿ ಬಂದ ಒಂದು ಸಂಶೋಧನೆ ಆ ಮಾತನ್ನು ಕಷ್ಟಕ್ಕೆ ಸಿಕ್ಕಿಸಿತು. ಸಿಹಿಗೆಣಸಿನ 291 ಬೇಸಾಯದ ತಳಿಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಆಗ್ರೊಬ್ಯಾಕ್ಟೀರಿಯಂ ಬಿಟ್ಟುಹೋದ ಟಿ-ಡಿಎನ್‌ಎ ಸಿಕ್ಕಿತು. ಯಾವ ಪ್ರಯೋಗಾಲಯವೂ ಇಲ್ಲದ ಕಾಲದಲ್ಲಿ, ಮನುಷ್ಯ ಗೆಣಸನ್ನು ಒಗ್ಗಿಸಿಕೊಳ್ಳುವ ಹೊತ್ತಿಗೇ ಅಥವಾ ಅದಕ್ಕೂ ಮೊದಲೇ ಸೇರಿದ್ದು. ಶಿವರಾತ್ರಿಯ ಉಪವಾಸಕ್ಕೆ ಬೇಯಿಸಿ ತಿನ್ನುವ ಗೆಣಸಿನಲ್ಲೂ ಬ್ಯಾಕ್ಟೀರಿಯಾದ ಜೀನ್ ಇದೆ ಎಂದಾಯಿತು. ಆಮೇಲೆ ಚಹಾದ ಗಿಡವೂ ಆ ಪಟ್ಟಿಗೆ ಸೇರಿತು. ಕಂಪನಿಗಳ ಕಡೆಯವರು ಇದನ್ನು ಹಿಡಿದು ಎಲ್ಲ ತಕರಾರೂ ಮುಗಿಯಿತೆಂದರು. ಅದೂ ಅವಸರದ ಮಾತೇ. ಗೆಣಸಿನಲ್ಲಿ ಬ್ಯಾಕ್ಟೀರಿಯಾದ ಜೀನ್ ಇರುವುದರಿಂದ ಬದನೆಯೊಳಗಿನ ಬೇರೊಂದು ಜೀನಿನ ಗುಣದೋಷ ತೀರ್ಮಾನವಾಗುವುದಿಲ್ಲ, ಬೀಜದ ಬೆಲೆಯೂ ಇಳಿಯುವುದಿಲ್ಲ. 1974ರಲ್ಲಿ ಚಿಲ್ಟನ್ ಕೇಳಿದಂಥ ಪ್ರಶ್ನೆಯನ್ನು, ಎಂದರೆ ಯಾವ ತುಂಡು, ಎಲ್ಲಿ ಕೂತಿದೆ, ಏನು ಮಾಡುತ್ತದೆ ಎಂಬುದನ್ನು, ಒಂದೊಂದು ಬೆಳೆಗೂ ಬೇರೆಯಾಗಿಯೇ ಕೇಳಬೇಕಾಗುತ್ತದೆ.

ಈ ಗಲಾಟೆಯಲ್ಲಿ ಮೂಲದ ರೋಗವನ್ನು ಎಲ್ಲರೂ ಮರೆತಂತಿದೆ. ತೋಟಗಳಲ್ಲಿ ಗಂಟು ಈಗಲೂ ಏಳುತ್ತದೆ. ಎದ್ದ ಮೇಲೆ ಗುಣಪಡಿಸಲಾಗದು, ಏಕೆಂದರೆ ಆ ಹೊತ್ತಿಗೆ ಅದು ಗಿಡದ ಸ್ವಂತದ್ದೇ ಆಗಿರುತ್ತದೆ. ತಡೆಯುವ ದಾರಿಯನ್ನು ಕಂಡುಹಿಡಿದವರು ಅಡಿಲೇಡ್‌ನ ಅದೇ ಅಲನ್ ಕೆರ್. ಕೆ84 ಎಂಬ ಒಂದು ಸಾಧು ತಳಿ ತನ್ನ ರೋಗಕಾರಿ ದಾಯಾದಿಗಳನ್ನು ಕೊಲ್ಲುವ ವಿಷ ತಯಾರಿಸುತ್ತದೆಂದು ಅವರು 1970ರ ದಶಕದಲ್ಲಿ ಕಂಡರು. ನೆಡುವ ಮೊದಲು ಸಸಿಯ ಬೇರನ್ನು ಆ ಬ್ಯಾಕ್ಟೀರಿಯಾದ ನೀರಿನಲ್ಲಿ ಅದ್ದಿದರೆ ಸಾಕು. ವಿಷ ಒಳಹೋಗುವ ರೀತಿ ಸೊಗಸಾದದ್ದು. ಗಿಡದಿಂದ ಮಾಡಿಸಿಕೊಂಡ ಓಪೈನನ್ನು ಒಳಗೆಳೆದುಕೊಳ್ಳಲೆಂದು ರೋಗಕಾರಿ ಬ್ಯಾಕ್ಟೀರಿಯಾ ಒಂದು ಬಾಗಿಲು ಇಟ್ಟುಕೊಂಡಿರುತ್ತದೆ. ಆ ಬಾಗಿಲ ಜೀನೂ ಟಿಐ ಪ್ಲಾಸ್ಮಿಡ್ಡಿನಲ್ಲೇ ಇದೆ. ವಿಷ ಊಟದ ವೇಷದಲ್ಲಿ ಅಲ್ಲಿಂದಲೇ ನುಗ್ಗುತ್ತದೆ.

ಈ ವಿಷವನ್ನು ತಾಳಿಕೊಳ್ಳುವ ಶಕ್ತಿ ಕೆ84ರಿಂದ ರೋಗಕಾರಿಗಳಿಗೆ ದಾಟಿಬಿಡಬಹುದೆಂಬ ಭಯವಿತ್ತು. ಅದು ದಾಟದಂತೆ ಡಿಎನ್‌ಎಯ ಒಂದು ತುಂಡನ್ನು ಕತ್ತರಿಸಿ ತೆಗೆದ ಕೆ1026 ತಳಿಯನ್ನು ಕೆರ್ ಅವರ ಕಡೆಯವರು ತಯಾರಿಸಿದರು. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಅದು ಮಾರಾಟಕ್ಕೆ ಬಂತು. ಜೀವಂತವಾಗಿ ಪರಿಸರಕ್ಕೆ ಬಿಡಲು ಮಾರಿದ ಕುಲಾಂತರಿ ಜೀವಿಗಳಲ್ಲಿ ಅದೇ ಮೊದಲನೆಯದೆಂದು ಎಣಿಸುತ್ತಾರೆ. ಪೀಚ್, ಬಾದಾಮಿ, ಗುಲಾಬಿ ಬೆಳೆಯುವವರು ಅದರಲ್ಲಿ ಬೇರು ಅದ್ದಿ ನೆಡುತ್ತಾರೆ. ದ್ರಾಕ್ಷಿಗೆ ಮಾತ್ರ ಅದು ನಾಟುವುದಿಲ್ಲ. 1897ರಲ್ಲಿ ಕವಾರಾ ಗಂಟು ಬಿಡಿಸಿ ನೋಡಿದ್ದು ದ್ರಾಕ್ಷಿಬಳ್ಳಿಯದು. ಆ ಬಳ್ಳಿಗೆ ತಗಲುವ ತಳಿಗಳ ಮೇಲೆ ಈ ವಿಷ ನಡೆಯುವುದಿಲ್ಲ.